ಫೊನ್ಸೆಕರ ಮೇರಿ: ವೇಷವೋ ಅರ್ಥವೋ?

ಆಂಜೆಲೊ ದ ಫೊನ್ಸೆಕರ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೇರಿ ಮಾತೆ ಉಟ್ಟಿರುವ ಸೀರೆ. ಅದನ್ನು ವೇಷವೆಂದು ಓದಬೇಕೆ, ಅರ್ಥವೆಂದು ಓದಬೇಕೆ ಎಂಬುದು ಪ್ರಸ್ತುತ ಟಿಪ್ಪಣಿಯ ವಿಚಾರ.

ಫೊನ್ಸೆಕರು ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯವರು. ವೈದ್ಯಶಿಕ್ಷಣವನ್ನು ತೊರೆದು, ಅವನೀಂದ್ರನಾಥ ಠಾಕೂರ್ ಮತ್ತು ನಂದಲಾಲ ಬಸು ಅವರಲ್ಲಿ ಚಿತ್ರಕಲೆಯನ್ನು ಕಲಿತರು. ಅವರು ಚಿತ್ರಿಸಿದ ಭಾರತೀಯ ಮೇರಿಯನ್ನು ಯುರೋಪೀಯ ಮಾದರಿಗೆ ಒಗ್ಗಿದ್ದ ಗೋವೆಯ ಹಲವರು ಒಪ್ಪಲಿಲ್ಲ. ಅವರಿಗೆ ಆಶ್ರಯವಾದದ್ದು ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ. ಕ್ಯಾಥೊಲಿಕರಾದ ಅವರು ಆಂಗ್ಲಿಕನ್ನರು ಕಟ್ಟಿದ ಆಶ್ರಮದಲ್ಲಿ ನೆಲೆಸಿದರೆಂಬುದು ಗಮನಾರ್ಹ. 1967ರಲ್ಲಿ ಪುಣೆಯಲ್ಲಿಯೇ ಅವರು ನಿಧನರಾದರು.

ಹೀಗೆ ಕಥೆಯನ್ನು ತನ್ನ ನೆಲಕ್ಕೆ ತರುವುದು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ವೆಂಗಿಮಂಡಲದಿಂದ ಬಂದ ಮನೆತನದ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದನು. ಅದನ್ನು ನಾವು ವ್ಯಾಸಭಾರತಕ್ಕೆ ಬಗೆದ ಅಪಚಾರವೆನ್ನುವುದಿಲ್ಲ; ಕಾವ್ಯದ ಜೀವಸ್ಥಾನವೆನ್ನುತ್ತೇವೆ. ಇದಕ್ಕೆ ಭಿನ್ನವಾಗಿ ಗೋವಿಂದ ಪೈಗಳ ‘ಗೊಲ್ಗೊಥಾ’ ಕ್ರಿಸ್ತನ ಕೊನೆಯ ದಿನವನ್ನು ಅದರ ಮೂಲ ನೆಲದಲ್ಲಿಯೇ ಇರಿಸಿ, ನುಡಿಯನ್ನಷ್ಟೇ ನಮ್ಮದಾಗಿಸಿತು. ಫೊನ್ಸೆಕರ ದಾರಿ ಪಂಪನ ದಾರಿ.

ಆದರೆ ಸೀರೆಯೊಂದರಿಂದಲೇ ಮೇರಿ ನಮ್ಮವಳಾಗುವುದಿಲ್ಲ. ಆಕೆಯನ್ನು ಹತ್ತಿರ ತರುವುದು ಭಾವದ ಸಂಯಮ. ಗೋವೆಯ ಇಗರ್ಜಿಗಳ ಶಿಲುಬೆಯ ವಿಗ್ರಹಗಳು ಗಾಯವನ್ನೂ ರಕ್ತವನ್ನೂ ಎದುರಿಗಿಟ್ಟು ಶೋಕವನ್ನು ಕೆರಳಿಸುತ್ತವೆ. ಫೊನ್ಸೆಕರು ಬಂಗಾಳ ಪಂಥದಿಂದ ಕಲಿತ ತೆಳು ಜಲವರ್ಣದಲ್ಲಿ, ತಗ್ಗಿಸಿದ ದೃಷ್ಟಿಯಲ್ಲಿ, ಬರಿಗಾಲಿನ ನಿಲುವಿನಲ್ಲಿ ಅದೇ ಶೋಕವನ್ನು ಒಳಸರಿಸುತ್ತಾರೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಕರುಣವು ಇಲ್ಲಿ ವಾಚ್ಯವಲ್ಲ, ವ್ಯಂಗ್ಯ. ತೊರೆದ ಊರಿನ ನೋವು ಎಲ್ಲಿಯೂ ದೂರಾಗಿ ಕೇಳಿಸುವುದಿಲ್ಲ. ತಾಯಿಯ ಮೌನವಾಗಿ ನಿಲ್ಲುತ್ತದೆ.

ಎಲ್ಲ ಚಿತ್ರಗಳೂ ಈ ಮಟ್ಟವನ್ನು ಮುಟ್ಟಿವೆ ಎನ್ನಲಾಗದು. ಕೆಲವೆಡೆ ದೇಶೀಯ ಲಾಂಛನಗಳು ಭಾವಕ್ಕೆ ಬೆಸೆಯದೆ ಬರಿಯ ಅಲಂಕಾರವಾಗಿ ಉಳಿಯುತ್ತವೆ. ಅಂಥಲ್ಲಿ ಆಕ್ಷೇಪಕರ ಮಾತಿಗೆ ಬೆಲೆಯಿದೆ: ಸೀರೆ ವೇಷವಾಗುತ್ತದೆ. ಉತ್ತಮ ಚಿತ್ರಗಳಲ್ಲಾದರೋ ಸೀರೆಯನ್ನು ತೆಗೆದು ಮೇರಿಯನ್ನು ಊಹಿಸುವುದೇ ಅಸಾಧ್ಯ.

ಅವರ ಕೃತಿಗಳ ದೊಡ್ಡ ಸಂಗ್ರಹವು ಇಂದು ಗೋವೆಯ ಪೊರ್ವೊರಿಮ್‌ನ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರದಲ್ಲಿದೆ. ಕಲಾವಿದನನ್ನು ಒಪ್ಪದ ನೆಲ ಚಿತ್ರಗಳನ್ನು ಬರಮಾಡಿಕೊಂಡಿದೆ. ದೇಸಿ–ಮಾರ್ಗಗಳ ಚರ್ಚೆಯಲ್ಲಿ ಪಳಗಿದ ಕನ್ನಡ ಸಂಶೋಧಕರು ಅವನ್ನು ನೋಡಿ ಹೇಳಬೇಕಾದುದು ಇನ್ನೂ ಬಹಳವಿದೆ.