ಪಾತಾಳೇಶ್ವರದ ಉಳಿಗಾರರು

ಪುಣೆಗೆ ಹೋದವರೆಲ್ಲ ಶನಿವಾರವಾಡೆ ನೋಡುತ್ತಾರೆ. ನೋಡಲಿ. ಆದರೆ ಅದು 1732ರದು. ನನ್ನ ಮನಸ್ಸು ಸೋತದ್ದು ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದಾದ, ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹಾಲಯಕ್ಕೆ. ಎಂಟನೇ ಶತಮಾನ, ನಮ್ಮ ರಾಷ್ಟ್ರಕೂಟರ ಕಾಲ.

ಇಲ್ಲಿ ಯಾರೂ ಕಲ್ಲು ತಂದು ಜೋಡಿಸಲಿಲ್ಲ. ನೆಲದಲ್ಲಿದ್ದ ಕರಿಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕಡಿಯುತ್ತ ಇಳಿದು, ಅಂಗಳ ತೋಡಿ, ನಡುವೆ ಉಳಿಸಿಕೊಂಡ ಬಂಡೆಯಲ್ಲಿ ನಂದಿಮಂಟಪವನ್ನು ಬಿಡಿಸಿದ್ದಾರೆ. ಮಂಟಪ ದುಂಡಗೆ, ಬಿಚ್ಚಿದ ಕೊಡೆಯ ಹಾಗೆ. ಅದನ್ನು ಹೊತ್ತ ಕಂಬಗಳು ಮಾತ್ರ ಚೌಕ, ದಪ್ಪ, ಅಲಂಕಾರವಿಲ್ಲದವು. ಚೌಕದ ಮೇಲೆ ವೃತ್ತವನ್ನು ಕೂರಿಸುವ ಆ ಧೈರ್ಯ ನೋಡಿ! ಕಟ್ಟುವವನಿಗೆ ತಪ್ಪಿದ ಕಲ್ಲನ್ನು ತೆಗೆದು ಬೇರೆ ಇಡುವ ಅವಕಾಶವಿದೆ. ಕಡಿಯುವವನಿಗೆ ಅದಿಲ್ಲ, ಹಾರಿಹೋದ ಚಕ್ಕೆ ಮರಳಿ ಅಂಟುವುದಿಲ್ಲ. ಸೂರು ಮೊದಲು, ಕಂಬ ಆಮೇಲೆ, ನೆಲ ಕೊನೆಗೆ: ಇಡೀ ಕಟ್ಟಡ ಮೊದಲ ಪೆಟ್ಟಿಗಿಂತ ಮುಂಚೆಯೇ ಅವರ ತಲೆಯಲ್ಲಿ ನಿಂತಿರಬೇಕು.

ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಣ್ಣನೆಯ ನೆಲ. ಹಜಾರದ ಕಂಬಗಳ ಸಾಲು, ಅದರ ಹಿಂದೆ ಲಿಂಗವಿರುವ ಗರ್ಭಗುಡಿ. ಕೆಲಸ ಪೂರ್ತಿಯಾಗದೆ ನಿಂತಿದೆ. ನನಗಂತೂ ಅದು ಕೊರತೆ ಎನಿಸಲಿಲ್ಲ. ನುಣುಪು ಮಾಡದೆ ಬಿಟ್ಟ ಕಡೆಯಲ್ಲೇ ಕುಶಲಿಗಳ ಕೈ ಹೆಚ್ಚು ಕಾಣುತ್ತದೆ. ಎಲ್ಲೋರದ ಕೈಲಾಸ ಕಡಿಸಿದ ಅರಸುಮನೆತನದ ಕಾಲದ್ದೇ ಈ ಪುಟ್ಟ ಗುಡಿ ಎಂದು ನೆನೆದಾಗ, ಕನ್ನಡದವಳಾದ ನನಗೆ ಹೆಮ್ಮೆ ಉಕ್ಕಿತು.