ತೊಟ್ಟಿಯ ಹುಳು, ಹೊಲದ ಹುಳು

ಅಕ್ವೇರಿಯಂ ಇಟ್ಟುಕೊಂಡವರಿಗೆ ಟ್ಯೂಬಿಫೆಕ್ಸ್ ಹುಳು ಮೀನಿನ ಮೇವು ಅಷ್ಟೇ; ಗಾಜಿಗೆ ಅಂಟಿದ ಪ್ಲನೇರಿಯಾ ಕಂಡರೆ ಉಜ್ಜಿ ತೊಳೆಯುತ್ತಾರೆ. ಹುಳುವನ್ನೇ ನೋಡಲೆಂದು ಸಾಕುವ ಹವ್ಯಾಸ ದಾವಣಗೆರೆ ಸೀಮೆಯಲ್ಲಿ ಅಪರೂಪ. ಇಲ್ಲಿ ಹುಳು ಸಾಕಣೆ ಎಂದರೆ ತೋಟದ ಮೂಲೆಯ ಎರೆಹುಳು ತೊಟ್ಟಿ. ಆ ಪದ್ಧತಿಯ ಮೇಲೆ ನನಗೆ ಗೌರವವಿದೆ, ದೊಡ್ಡದೊಂದು ತಕರಾರೂ ಇದೆ. ಗೊಬ್ಬರದ ಲೆಕ್ಕ ಕಲಿತ ನಾವು ಹುಳುವಿನ ಗುಣ ಕಲಿಯಲಿಲ್ಲ.

ಚನ್ನಗಿರಿಯಲ್ಲಿ ಹುಳುವಿನ ಮೇವಿಗೆ ಬರವಿಲ್ಲ. ಅಡಿಕೆಯ ಸೋಗೆ, ಹಾಳೆ ತೋಟದಲ್ಲೇ ಬೀಳುತ್ತವೆ. ಸುಲಿತ ಶುರುವಾದರೆ ಸಿಪ್ಪೆಯ ರಾಶಿ ರಸ್ತೆಬದಿಗೂ ಬರುತ್ತದೆ, ಅದಕ್ಕೆ ಬೆಂಕಿ ಹಚ್ಚುವವರೂ ಇದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆಯವರು 1980ರ ದಶಕದಲ್ಲೇ ಎರೆಹುಳು ಸಂಶೋಧನೆಯಲ್ಲಿ ತೊಡಗಿದ್ದರು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನು ಎರೆಗೊಬ್ಬರವಾಗಿಸುವ ಕ್ರಮ ರೂಪಿಸಿತು. ಅಂದರೆ ಈ ಪದ್ಧತಿಗೆ ವಿದ್ಯೆಯ ಕೊರತೆ ಇರಲಿಲ್ಲ.

ತೊಟ್ಟಿಗೆ ಬಿಡುವುದು ಹೆಚ್ಚಾಗಿ ಐಸೀನಿಯಾ ಫೆಟಿಡಾ, ಇಲ್ಲವೇ ಯೂಡ್ರಿಲಸ್ ಯೂಜೀನಿಯೆ. ಒಂದರ ಮೂಲ ಯುರೋಪು, ಇನ್ನೊಂದರದು ಪಶ್ಚಿಮ ಆಫ್ರಿಕ. ಎರಡೂ ಕೊಳೆಯುವ ಕಸದಲ್ಲೇ ಬಾಳುವ ಜಾತಿಗಳು, ಆಳಕ್ಕೆ ಬಿಲ ತೋಡುವುದಿಲ್ಲ. ಗೊಬ್ಬರದ ಜತೆ ಇವೂ ಹೋಗಿ ತೋಟ ಉಳುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ಇವುಗಳ ಉಸಿರಾಟ ಚರ್ಮದಿಂದ, ಹಾಗಾಗಿ ತೇವ ಆರಿದರೆ ಸಾವು. ಹಸಿ ಸಗಣಿ ಸುರಿದರೆ ಅದರ ಕಾವಿಗೇ ಸಾಯುತ್ತವೆ. 35 ಡಿಗ್ರಿ ದಾಟಿದರೆ ತಾಳುವುದು ಕಷ್ಟ. ಜಗಳೂರಿನ ಬೇಸಿಗೆಯಲ್ಲಿ ತಗಡಿನ ಸೂರಿನಡಿಯ ಸಿಮೆಂಟು ತೊಟ್ಟಿ ಕಾದ ಬಾಣಲೆಯೇ ಸರಿ. ಅಲ್ಲಿ ಬೇವಿನ ನೆರಳಲ್ಲಿ ಗುಂಡಿ ತೆಗೆದು, ಮೇಲೆ ಒದ್ದೆ ಗೋಣಿ ಹೊದಿಸುವುದು ಮೇಲು.

ಹುಳುವಿನ ಗುಣ ತಿಳಿಯಲು ಅದನ್ನು ಹತ್ತಿರವಿಟ್ಟು ನೋಡಬೇಕು. ಡಾರ್ವಿನ್ ತನ್ನ ಓದುಕೋಣೆಯಲ್ಲೇ ಕುಂಡಗಳಲ್ಲಿ ಎರೆಹುಳು ಇಟ್ಟುಕೊಂಡು ನೋಡಿದ. 1881ರ ಪುಸ್ತಕದಲ್ಲಿ ಅದನ್ನೆಲ್ಲ ಬರೆದ. ಪಿಯಾನೋ ಪಕ್ಕದಲ್ಲಿ ನುಡಿದರೆ ಅವು ಮಿಸುಕಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ನುಡಿಸಿದಾಗ ಥಟ್ಟನೆ ಬಿಲ ಸೇರಿದವು. ಕಿವಿಯಿಲ್ಲದ ಜೀವಕ್ಕೆ ಅದುರು ತಿಳಿಯುತ್ತದೆ ಎಂದು ಅವನು ಕಂಡುಕೊಂಡದ್ದು ಹೀಗೆ ಜತೆಗಿಟ್ಟುಕೊಂಡದ್ದರಿಂದ.

ನಮ್ಮಲ್ಲೂ ಇದು ಸುಲಭ. ಎರಡು ಗಾಜಿನ ಹಾಳೆಗಳ ನಡುವೆ ಒಂದೆರಡು ಅಂಗುಲ ಜಾಗ ಬಿಟ್ಟು ಕಟ್ಟಿ, ಕೆಮ್ಮಣ್ಣು, ಮರಳು, ಕೆರೆಗೋಡು ಪದರ ಪದರವಾಗಿ ತುಂಬಿ, ಮೇಲೆ ಒಣ ಎಲೆ ಹರಡಿ, ಕಪ್ಪು ಬಟ್ಟೆ ಮುಚ್ಚಿಡಬೇಕು. ಇಂಥ ಒಂದು ಪೆಟ್ಟಿಗೆಗೆ ತೊಟ್ಟಿಯ ಹುಳು, ಇನ್ನೊಂದಕ್ಕೆ ಹೊಲದ ಬದುವಿನ ಎರೆಹುಳು. ತೊಟ್ಟಿಯದು ಮೇಲಿನ ಎಲೆಯಲ್ಲೇ ಸುಳಿದಾಡುತ್ತದೆ. ಬದುವಿನದು ಕೆಳಗಿಳಿಯುತ್ತದೆ, ಕೆಲವು ವಾರಗಳಲ್ಲಿ ಕೆಂಪು ಗೆರೆ ಕಪ್ಪಿನೊಳಗೆ, ಕಪ್ಪು ಮರಳಿನೊಳಗೆ ಸೇರಿ ಪದರಗಳ ಅಂಚು ಅಳಿಸಿರುತ್ತದೆ. ಹುಳುವನ್ನು ಒಣ ಕಾಗದದ ಮೇಲೆ ಕ್ಷಣ ಹೊತ್ತು ಬಿಟ್ಟು ಕಿವಿಗೊಟ್ಟರೆ ಅದರ ಸಣ್ಣ ಬಿರುಗೂದಲು ಕೆರೆಯುವ ಸದ್ದು ಕೇಳುತ್ತದೆ. ಹುಳುವೆಂದರೆ ಅಸಹ್ಯಪಡುವ ಮಕ್ಕಳನ್ನೂ ಆ ಸದ್ದು ಹತ್ತಿರ ಎಳೆಯುತ್ತದೆ.

ಆದರೆ ವಿಚಿತ್ರವೆಂದು ಸಿಕ್ಕಿದ್ದನ್ನೆಲ್ಲ ಸಾಕಬಾರದು. ಮಳೆಗಾಲದಲ್ಲಿ ಸುತ್ತಿಗೆಯಂಥ ತಲೆಯ ಚಪ್ಪಟೆ ಹುಳು ಕಂಡರೆ ಜೋಪಾನ. ಅದರ ಆಹಾರವೇ ಎರೆಹುಳು. ತುಂಡರಿಸಿದರೆ ತುಂಡುಗಳೂ ಹುಳುಗಳಾಗಿ ಬೆಳೆಯುತ್ತವೆ. ಬರಿಗೈಯಲ್ಲಿ ಮುಟ್ಟದೆ ಉಪ್ಪಿಗೆ ಹಾಕುವುದೇ ಸರಿ.

ಹೊನ್ನಾಳಿ, ನ್ಯಾಮತಿಯ ಶಾಲೆಗಳಲ್ಲಿ ಸಿಮೆಂಟು ತೊಟ್ಟಿಗಿಂತ ಮೊದಲು ಈ ಗಾಜಿನ ಪೆಟ್ಟಿಗೆ ಬರಬೇಕು. ನೋಡಿ ಮುಗಿದ ಮೇಲೆ ಬದುವಿನ ಹುಳು ಅದೇ ಬದುವಿಗೆ, ತೊಟ್ಟಿಯದು ತೊಟ್ಟಿಗೆ ಹೋಗಲಿ. ತೋಟ ಉಳಬಲ್ಲ ಹುಳುವಿಗೆ ಬೇಕಾದದ್ದು ಬುಡದಲ್ಲಿ ಸೋಗೆಯ ಹೊದಿಕೆ ಮತ್ತು ಆರದ ತೇವ. ಕಳೆನಾಶಕ ಹೊಡೆದು ನೆಲ ಬೋಳು ಮಾಡಿದಲ್ಲಿ ಎಷ್ಟು ತೊಟ್ಟಿ ಕಟ್ಟಿದರೂ ಆ ಹುಳು ಉಳಿಯದು.