ಹೆಸರಿಗೊಂದು ಹೊತ್ತಗೆ

ನಮ್ಮ ಗಡಿನಾಡಿನಲ್ಲಿ ಕನ್ನಡ ಪುಸ್ತಕಗಳ ಬಿಡುಗಡೆಗೆ ಬರವಿಲ್ಲ, ಬರವಿರುವುದು ಓದಿಗೆ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಪುಸ್ತಕಗಳೂ ಇವುಗಳ ಸಾಲಿಗೆ ಸೇರಿಕೊಂಡಿವೆ. ಅವು ಕಥೆಯಲ್ಲ, ಕವಿತೆಯಲ್ಲ, ಸಂಶೋಧನೆಯೂ ಅಲ್ಲ. ಬದುಕಿನಲ್ಲಿ ಗೆಲ್ಲುವುದು ಹೇಗೆ, ಹಣ ಉಳಿಸುವುದು ಹೇಗೆ, ತಾನು ಮೇಲೆ ಬಂದುದು ಹೇಗೆ ಎಂಬಂಥವು. ಮುಖಪುಟದಲ್ಲಿ ಶೀರ್ಷಿಕೆಗಿಂತ ದೊಡ್ಡದಾಗಿ ಲೇಖಕರ ಭಾವಚಿತ್ರವಿರುತ್ತದೆ. ಸಾಲದ ಅರ್ಜಿಯ ಜತೆಗೆ ತಮ್ಮ ಪುಸ್ತಕವನ್ನೂ ಕೌಂಟರಿನ ಮೇಲಿಟ್ಟು, “ಇದೂ ಇರಲಿ ಸಾರ್, ಮೆನೇಜರರಿಗೆ ತೋರಿಸಿ” ಎಂದವರನ್ನು ನಾನು ಕಂಡಿದ್ದೇನೆ. ಪುಸ್ತಕವೆಂದರೆ ಈಗ ತನ್ನನ್ನೇ ಒಂದು ‘ಬ್ರ್ಯಾಂಡ್’ ಮಾಡಿಕೊಳ್ಳುವ ಸಾಧನವಂತೆ.

ಹೆಸರಿನ ಆಸೆ ಪಾಪವೆಂದು ನಾನು ಹೇಳಲಾರೆ. 1956ರಿಂದ ಕೇರಳದೊಳಗೆ ಅಲ್ಪಸಂಖ್ಯಾತರಾಗಿ ಬದುಕುತ್ತಿರುವ ನಮಗೆ, ನಾವೂ ಇದ್ದೇವೆ ಎಂದು ನಾಲ್ಕು ಜನರಿಗೆ ತಿಳಿಸುವುದು ಒಂದು ಅಗತ್ಯವೇ. ಪುಸ್ತಕ ಮಾಡುವುದೂ ಈಗ ಸುಲಭ. ಐವತ್ತು ಪ್ರತಿ ಬೇಕೆಂದರೆ ಐವತ್ತನ್ನೇ ಅಚ್ಚು ಹಾಕಿ ಕೊಡುತ್ತಾರೆ. ಕೇಂದ್ರ ಸರಕಾರದ ರಾಜಾರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿ ಕೊಡುವ ಐಎಸ್‌ಬಿಎನ್ ಸಂಖ್ಯೆಯನ್ನೇ ಗೌರವದ ಮುದ್ರೆಯೆಂಬಂತೆ ತೋರಿಸಿ ಹಣ ಕೇಳುವವರೂ ಇದ್ದಾರೆ. ಆ ಸಂಖ್ಯೆ ಪುಸ್ತಕವನ್ನು ಗುರುತಿಸಲು ಇರುವಂಥದು. ಒಳಗಿನ ಬರಹದ ಯೋಗ್ಯತೆಗೆ ಅದು ಜಾಮೀನು ನಿಲ್ಲುವುದಿಲ್ಲ.

ಹಾಗಾದರೆ ಹೆಸರಿಗಾಗಿ ಬರೆದ ಪುಸ್ತಕವನ್ನು ವಿಷಯಕ್ಕಾಗಿ ಬರೆದ ಪುಸ್ತಕದಿಂದ ಬೇರ್ಪಡಿಸುವ ಬಗೆ ಯಾವುದು? ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕುಂಬಳೆಗೆ ಹೋದರೆ ಸಾಕು.

ಯಕ್ಷಗಾನದ ರಾಮಾಯಣ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವೆಂದು ನಮ್ಮ ಹಿರಿಯರು ನಂಬಿಕೊಂಡು ಬಂದವರು. ಆ ಪದಗಳಲ್ಲಿ ಕಣ್ವಪುರದ ಕೃಷ್ಣನ ಸ್ಮರಣೆ ಬರುತ್ತದೆಯೇ ಹೊರತು ಕವಿ ತನ್ನನ್ನು ಮುಂದೆ ಮಾಡಿಕೊಂಡವನಲ್ಲ. ಅವನ ಕುರಿತು ಪುಸ್ತಕವನ್ನೇ ಬರೆದವರು ಮುಳಿಯ ತಿಮ್ಮಪ್ಪಯ್ಯನವರು. ಅನಂತರ ಶಿವರಾಮ ಕಾರಂತರು ಈ ಪ್ರಸಂಗಗಳು ಪಾರ್ತಿಸುಬ್ಬನವೆಂಬುದನ್ನೇ ಪ್ರಶ್ನಿಸಿದರು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಅವರ ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ. ಪಾರ್ತಿಸುಬ್ಬನ ಪರವಾಗಿ ನಿಂತ ಕುಕ್ಕಿಲ ಕೃಷ್ಣ ಭಟ್ಟರು ಅವನ ಯಕ್ಷಗಾನಗಳನ್ನು ಸಂಪಾದಿಸಿಕೊಟ್ಟರು.

ಈ ವಾದದಲ್ಲಿ ಯಾರು ಗೆದ್ದರೆಂಬುದು ಇಲ್ಲಿ ಮುಖ್ಯವಲ್ಲ. ನನಗೆ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ. ಕುಕ್ಕಿಲದವರು ಪಾರ್ತಿಸುಬ್ಬನನ್ನು ಎತ್ತಿ ಹಿಡಿಯುವಾಗಲೇ, ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಅವನ ಪ್ರಸಂಗಗಳಿಗೂ ಇರುವ ನಂಟನ್ನು ಬಿಚ್ಚಿಟ್ಟರು. ಕಥಕಳಿಗೆ ಮೂಲವಾದ ಮಲಯಾಳದ ಆ ಕೃತಿಗೆ ನಮ್ಮ ಕವಿ ಋಣಿಯೆಂದು ಒಪ್ಪಿಕೊಳ್ಳುವುದು ಗಡಿನಾಡಿನ ಕನ್ನಡಿಗನಿಗೆ ಹಿತವಾದ ಮಾತೇನೂ ಅಲ್ಲ. ಸಭೆಯ ಚಪ್ಪಾಳೆಗಾಗಿ ಬರೆಯುವವನು ಆ ಪುಟವನ್ನು ಹಾರಿಸಿಬಿಡುತ್ತಿದ್ದ. ಕಾರಂತರಂತೂ ಕರಾವಳಿಯ ಓದುಗರು ಮುನಿಯುವುದು ಖಂಡಿತವೆಂದಿದ್ದರೂ ತಮಗೆ ಕಂಡದ್ದನ್ನು ಬರೆದರು. ಈ ಪುಸ್ತಕಗಳ ಮುಖಪುಟವನ್ನು ಕಿತ್ತುಹಾಕಿದರೂ ಒಳಗೆ ಪದ್ಯಗಳಿವೆ, ಆಧಾರಗಳಿವೆ, ತಕರಾರುಗಳಿವೆ. ಹೆಸರು ತಾನಾಗಿ ಹಿಂದಿನಿಂದ ಬಂತು.

ನನ್ನ ಅಳತೆಗೋಲು ಇದು: ಬರೆದವನಿಗೆ ನಷ್ಟವಾಗಬಹುದಾದ ಒಂದು ವಾಕ್ಯವಾದರೂ ಪುಸ್ತಕದಲ್ಲಿ ಇದೆಯೇ? ಬ್ರ್ಯಾಂಡಿಗಾಗಿ ಬರೆದ ಪುಸ್ತಕದಲ್ಲಿ ಅದು ಇರುವುದಿಲ್ಲ. ಅಲ್ಲಿ ಸೋಲು ಬಂದರೂ ಮುಂದಿನ ಪುಟದ ಗೆಲುವಿಗೆ ಮೆಟ್ಟಿಲಾಗಿಯೇ ಬರುತ್ತದೆ.

ಹೀಗೆ ಅನ್ಯರನ್ನು ಅಳೆಯುವ ಮೊದಲು ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಇಪ್ಪತ್ತು ವರ್ಷಗಳ ಕೌಂಟರಿನ ಅನುಭವಗಳನ್ನು ಬರೆದಿಟ್ಟಿದ್ದೆ. ಹಿತೈಷಿಗಳಾದ ಮಾಷ್ಟ್ರೊಬ್ಬರು, “ಪುಸ್ತಕ ಮಾಡಿ ಮಾರಾಯ್ರೇ, ನಾಲ್ಕು ವೇದಿಕೆಗೆ ಕರೆಯುತ್ತಾರೆ” ಎಂದರು. ಅಚ್ಚು ಹಾಕಿಕೊಡುವವರಿಗೆ ಕಳಿಸಿದೆ. ಗಿರಾಕಿಗಳ ಕಥೆಗಳನ್ನು ಕಡಿಮೆ ಮಾಡಿ, ಉಳಿತಾಯದ ಹತ್ತು ಸೂತ್ರಗಳನ್ನು ಸೇರಿಸಬೇಕೆಂದೂ ನಗುಮುಖದ ಒಂದು ಫೋಟೊ ಬೇಕೆಂದೂ ಅವರು ತಿಳಿಸಿದರು. ನಾನು ಸ್ಟುಡಿಯೋಕ್ಕೂ ಹೋಗಿಬಂದೆ. ಲೇಖಕರ ಪರಿಚಯವೆಂದು ನಾಲ್ಕು ಪುಟಗಳನ್ನು ನಾನೇ, ಬೇರೆಯವರು ಬರೆದಂತೆ, ಬರೆದುಕೊಂಡೆ.

ಆ ಭರದಲ್ಲಿ ಒಂದು ಪ್ರಕರಣವನ್ನು ತೆಗೆದುಹಾಕಿದ್ದೆ. ಒಂದು ತಿಂಗಳ ಮೊದಲ ವಾರ, ಪಿಂಚಣಿಯ ಸಾಲು ಬಾಗಿಲಿನಾಚೆಗೂ ಹೋಗಿತ್ತು. ವೃದ್ಧೆಯೊಬ್ಬರು ಹಣ ತೆಗೆಯುವ ಚೀಟಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿದರು. ಕೈ ನಡುಗಿ ಅಕ್ಷರ ಕಾರ್ಡಿನ ಸಹಿಗೆ ಹೊಂದಲಿಲ್ಲ. ಎರಡನೆಯ ಸಲವೂ ಹೊಂದಲಿಲ್ಲ. ನಾನು ಶಾಯಿಯ ಪ್ಯಾಡನ್ನು ಮುಂದಕ್ಕೆ ತಳ್ಳಿ, “ಹೆಬ್ಬೆಟ್ಟು ಒತ್ತಿ ಅಜ್ಜಿ, ಇನ್ನು ಹಾಗೆಯೇ ಮಾಡುವ” ಎಂದೆ. ಅವರು ನನ್ನ ಮುಖ ನೋಡಿ, “ನನಗೆ ಬರೀಲಿಕ್ಕೆ ಬರ್ತದೆ ಮಗಾ” ಎಂದರು. ಆಮೇಲೆ ಒತ್ತಿದರು. ಕನ್ನಡ ಶಾಲೆಯಲ್ಲಿ ಕಲಿತ ಹೆಂಗಸನ್ನು, ಕನ್ನಡ ಸಂಘದ ಸದಸ್ಯನಾದ ನಾನು, ಮೂರು ನಿಮಿಷ ಉಳಿಸುವುದಕ್ಕಾಗಿ ಹೆಬ್ಬೆಟ್ಟಿನವರ ಪಟ್ಟಿಗೆ ಸೇರಿಸಿದ್ದೆ.

ಉಳಿತಾಯದ ಸೂತ್ರಗಳ ನಡುವೆ ಅದಕ್ಕೆ ಜಾಗವಿರಲಿಲ್ಲ. ‘ಜನಸ್ನೇಹಿ ಬ್ಯಾಂಕ್ ಉದ್ಯೋಗಿ’ ಎಂದು ನನ್ನ ಕುರಿತು ನಾನೇ ಬರೆದುಕೊಂಡ ಪರಿಚಯಕ್ಕೂ ಅದು ಒಗ್ಗುತ್ತಿರಲಿಲ್ಲ. ಆದರೆ ಆ ಹಸ್ತಪ್ರತಿಯಲ್ಲಿ ನಮ್ಮ ಊರಿನ ಕನ್ನಡದ ಸ್ಥಿತಿಯನ್ನು ನಿಜವಾಗಿ ಹೇಳುವ ಪುಟವೊಂದಿದ್ದರೆ ಅದು ಅದೇ ಆಗಿತ್ತು.

ಗಡಿನಾಡಿನಲ್ಲಿ ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ತರುವ ಮನೆಗಳು ಎಷ್ಟಿವೆಯೆಂದು ನಾವೆಲ್ಲ ಬಲ್ಲೆವು. ಆ ಮನೆಯವರು ಮುನ್ನುಡಿಯನ್ನು ನಂಬಿ ಒಮ್ಮೆ ಮೋಸಹೋದರೆ, ಮುಂದಿನ ಒಳ್ಳೆಯ ಪುಸ್ತಕವನ್ನೂ ಕೈಗೆತ್ತಿಕೊಳ್ಳಲಾರರು. ಬರೆಯುವವರು, ನಾನೂ ಸೇರಿ, ನೆನಪಿಡಬೇಕಾದ ನಷ್ಟ ಇದೇ.

ಮುದ್ರಕರಿಂದ ಹಸ್ತಪ್ರತಿಯನ್ನು ಹಿಂದಕ್ಕೆ ತರಿಸಿಕೊಂಡಿದ್ದೇನೆ. ಪರಿಚಯದ ನಾಲ್ಕು ಪುಟಗಳನ್ನು ತೆಗೆದಾಯಿತು. ಅಜ್ಜಿಯ ಪ್ರಕರಣವೀಗ ಮೊದಲನೆಯ ಅಧ್ಯಾಯ.